ಅಕ್ಕನ ಶಾಫ್ಟ್ ದಣಿದ ದಿನ

ಯಂತ್ರ ಚಾಲೂ ಆದದ್ದು ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ. ನೋಟ್‌ಬುಕ್ಕಿನ ಮೊದಲ ಸಾಲು ಅದೇ. ಅದರ ಕೆಳಗೆ, "ಎಡಕ್ಕೆ ಅಕ್ಕನದು, ಬಲಕ್ಕೆ ಇಡೀ ಉಕ್ಕಿನದು. ಭಾರ ಸಮ. ಸದ್ದು ಸಮ" ಎಂದಿದೆ. ಅಕ್ಷರಗಳು ಓರೆಯಾಗಿವೆ. ನಾನು ಚನ್ನಗಿರಿಯಿಂದ ಒಂದು ಪತ್ರಿಕೆಗೆ ತಾಲ್ಲೂಕು ಸುದ್ದಿ ಬರೆಯುವವನು. ಲಾಠಿ ಚಾರ್ಜಿನ ನಡುವೆ ನಿಂತು ಬರೆದಾಗಲೂ ನನ್ನ ಅಕ್ಷರ ಹೀಗೆ ಓರೆಯಾಗಿರಲಿಲ್ಲ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಐಟಿಐನಲ್ಲಿ ವೆಲ್ಡಿಂಗ್ ಕಲಿತು, ಸಂತೇಬೆನ್ನೂರು ರಸ್ತೆಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾಳೆ. ಊರಿನ ಅರ್ಧ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು ಅವಳ ಕೈಯವು. ಆದ್ದರಿಂದ ಊರಿಗೆ ಅವಳು "ಗೇಟಕ್ಕ". ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ. ಆ ಹೆಸರು ಅವಳಿಗೆ ಎಷ್ಟು ಬೇಸರ ತರಿಸುತ್ತಿತ್ತು ಎನ್ನುವುದು ಜಗಳೂರಿನ ಯಜಮಾನರು ಬಂದ ದಿನದವರೆಗೆ ನನಗೆ ತಿಳಿದಿರಲಿಲ್ಲ.

ಯಜಮಾನರು ಜಗಳೂರಿನಲ್ಲಿ ಮೆಕ್ಕೆಜೋಳ ಒಕ್ಕುವ ಯಂತ್ರ ತಯಾರಿಸುತ್ತಾರೆ. ಬಿಳಿಚೋಡಿನಿಂದ ನಮ್ಮ ಕತ್ತಲಗೆರೆಯವರೆಗೆ ಸುಗ್ಗಿಯಲ್ಲಿ ಅವರ ಯಂತ್ರಗಳೇ ಓಡಾಡುತ್ತವೆ. ಅವತ್ತು ಒಂದು ಚೌಕಟ್ಟು ಮುರಿದಿತ್ತು, ಬೆಸುಗೆ ಹಾಕಿಸಲು ಗಾಡಿಯಲ್ಲಿ ತಂದಿದ್ದರು. ಅದೇ ಗಾಡಿಯಲ್ಲಿ ಯಂತ್ರದೊಳಗೆ ತಿರುಗುವ ಹಳೆಯ ಶಾಫ್ಟುಗಳೂ ಬಿದ್ದಿದ್ದವು, ಗುಜರಿಗೆ ಹೊರಟಂಥವು. ಅವರ ಯಂತ್ರದಲ್ಲಿ ಬೇರಿಂಗಿನ ರೋಲರುಗಳು ನೇರವಾಗಿ ಶಾಫ್ಟಿನ ಮೈಮೇಲೇ ಉರುಳುತ್ತವೆ. ಉರುಳಿ ಉರುಳಿ ಆ ಜಾಗದಲ್ಲಿ ಚಕ್ಕೆ ಎದ್ದು ಗುಂಡಿ ಬೀಳುತ್ತದೆ. ಆಮೇಲೆ ಇಡೀ ಶಾಫ್ಟ್ ಕೆಲಸಕ್ಕೆ ಬಾರದು.

ಅಕ್ಕ ಒಂದನ್ನು ಎತ್ತಿ ತಿರುವಿ ನೋಡಿದಳು. "ನಾಲ್ಕು ಬೆರಳಗಲ ಹೋಗೈತೆ. ಅಷ್ಟಕ್ಕೆ ಆಳುದ್ದದ ಉಕ್ಕು ಬಿಸಾಕ್ತೀರಲ್ರೀ?"

"ಮತ್ತೇನು ಮಾಡಾಕೆ ಆಗುತ್ತಮ್ಮ?"

"ಶಾಫ್ಟ್ ಸಾದಾ ಕಬ್ಬಿಣದ್ದು ಮಾಡ್ರಿ. ರೋಲರ್ ಓಡೋ ಜಾಗಕ್ಕೆ ಮಾತ್ರ ಗಟ್ಟಿ ಉಕ್ಕು ಬೆಸುಗೆಯಿಂದ ಸುತ್ತಿ ಕೊಡ್ತೀನಿ. ಹೋದ್ರೆ ಅದನ್ನಷ್ಟೇ ಮತ್ತೆ ಸುತ್ತೋದು."

ಯಜಮಾನರು ನಕ್ಕರು. "ಬೆಸುಗೆ ಅಂದ್ರೆ ತೇಪೆ ಕಣಮ್ಮ. ರೋಲರ್ ಕೆಳಗೆ ತೇಪೆ ನಿಲ್ಲಲ್ಲ. ನೀನು ಗೇಟು ಮಾಡು, ಚೆಂದ ಮಾಡ್ತೀಯ."

ಅಕ್ಕ ಮುಖದ ಕವಚ ತೆಗೆದು ಬೆಂಚಿನ ಮೇಲಿಟ್ಟಳು. ಮುಂದಿನ ಕಾಲು ಗಂಟೆಯಲ್ಲಿ ಒಪ್ಪಂದವಾಯಿತು. ಯಜಮಾನರ ಇಡೀ ಉಕ್ಕಿನ ತುಂಡು ಒಂದು ಕಡೆ, ಅಕ್ಕನ ಸುತ್ತಿದ ತುಂಡು ಇನ್ನೊಂದು ಕಡೆ, ಒಂದೇ ಯಂತ್ರದಲ್ಲಿ ಒಂದೇ ಭಾರ ಹೊತ್ತು ತಿರುಗಬೇಕು. ಮೊದಲು ಚಕ್ಕೆ ಎದ್ದದ್ದು ಸೋತಂತೆ. ಅಕ್ಕನದು ಗೆದ್ದರೆ ಈ ಸುಗ್ಗಿಯ ಅಷ್ಟೂ ಯಂತ್ರಗಳಿಗೆ ಅವಳದೇ ಶಾಫ್ಟ್. ಸೋತರೆ ಅವಳು ಬೇರಿಂಗಿನ ಮಾತೆತ್ತದೆ ಗೇಟು ಮಾಡಿಕೊಂಡಿರಬೇಕು.

"ಬರೆದಿಡೋರು ಯಾರು?" ಎಂದರು ಯಜಮಾನರು.

"ನನ್ನ ತಮ್ಮ. ಪೇಪರಿನವನು."

"ನಿನ್ನ ತಮ್ಮ ನಿನ್ನ ಕಡೆಗೇ ಬರೀತಾನಲ್ಲಮ್ಮ!"

"ನನ್ನ ಮದುವೆ ಸುದ್ದೀನೇ ಎರಡು ಸಾಲು ಬರೆದೋನು ಇವನು" ಎಂದಳು ಅಕ್ಕ. "ಇವನ ಬಗ್ಗೆ ಅನುಮಾನ ಬೇಡ್ರಿ."

ತುಂಡುಗಳನ್ನು ಸಿದ್ಧ ಮಾಡಲು ಒಂದೂವರೆ ತಿಂಗಳು ಹಿಡಿಯಿತು. ಅಕ್ಕನ ಲೇತ್ ನೋಡಿಕೊಳ್ಳುವವರು ಎಪ್ಪತ್ತು ದಾಟಿದ ಹಿರಿಯರು. ಎಲ್ಲರಿಗೂ ಅವರು ಕಾಕಾ. ಕಬ್ಬಿಣದ ಸರಳನ್ನು ಲೇತಿಗೆ ಕಟ್ಟಿ ಅವರು ನಿಧಾನವಾಗಿ ತಿರುಗಿಸಬೇಕು, ಅಕ್ಕ ಅದರ ಮೇಲೆ ಕರಗಿದ ಉಕ್ಕಿನ ತಂತಿಯನ್ನು ಬುಗುರಿಗೆ ಚಾಟಿ ಸುತ್ತಿದ ಹಾಗೆ ಒತ್ತೊತ್ತಾಗಿ ಕೂರಿಸುತ್ತಾ ಹೋಗಬೇಕು. ಮೊದಲನೆಯದು ಆರುವಾಗಲೇ ಟಣ್ ಎಂದು ಸೀಳಿತು. ಎರಡನೆಯದು ಲೇತಿನಲ್ಲಿ ಕೆತ್ತುವಾಗ ಸಿಪ್ಪೆಯಂತೆ ಬಿಟ್ಟುಕೊಂಡಿತು. ಮೂರನೆಯದರ ಒಳಗೆ ಗಾಳಿಗುಳ್ಳೆ.

ಆಮೇಲೆ ಅಕ್ಕ ನನ್ನನ್ನು ನ್ಯಾಮತಿಗೆ ಓಡಿಸಿದಳು. ಅಲ್ಲಿ ಅವಳಿಗೆ ಪಾಠ ಹೇಳಿದ ಮೇಷ್ಟ್ರು ನಿವೃತ್ತರಾಗಿ ನೆಲೆಸಿದ್ದಾರೆ. ಸೀಳಿದ ತುಂಡು ನೋಡಿ ಅವರು ಬೈಯಲಿಲ್ಲ. "ತಣ್ಣಗಿರೋ ಕಬ್ಬಿಣದ ಮೇಲೆ ಬಿಸಿ ಉಕ್ಕು ಹಾಕಿದ್ದಾಳೆ. ಮೊದಲು ಕೆಳಗಿನದನ್ನ ಕಾಯಿಸಾಕೆ ಹೇಳು. ಮುಗಿದ ಮೇಲೆ ಸುಣ್ಣದ ಪುಡಿಯೊಳಗೆ ಹೂತು ಒಂದು ದಿನ ಮುಟ್ಟಬಾರದು. ಆಮೇಲೆ ಕೆತ್ತೋದು, ಮತ್ತೆ ಕಾಯಿಸಿ ಎಣ್ಣೆಗೆ ಅದ್ದೋದು. ಅವಸರ ಮಾಡಿದ್ರೆ ಗೇಟೇ ಗತಿ ಅಂತ ನಾನು ಹೇಳಿದೆ ಅನ್ನು."

ಹೇಳಿದೆ. ಅಕ್ಕ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ, ಆದರೆ ಸುಣ್ಣದ ಪುಡಿ ತರಿಸಿದಳು.

ಈ ಸಲ ಉಕ್ಕು ಕೂತಿತು. ನಾಲ್ಕು ತುಂಡು ತಯಾರಾದವು, ಒಂದು ಪರೀಕ್ಷೆಗೆ, ಮೂರು ಮೀಸಲಿಗೆ. ಕೊನೆಯ ನುಣುಪು ಕೊಡುವ ಗ್ರೈಂಡಿಂಗ್ ಯಂತ್ರ ಹೊನ್ನಾಳಿಯಲ್ಲಿತ್ತು. ಅಕ್ಕನ ನಾಲ್ಕು, ಯಜಮಾನರ ನಾಲ್ಕು, ಎಲ್ಲವನ್ನೂ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬಂದೆ. ಹೊನ್ನಾಳಿಯವರು ಒರೆಸಿ ಕೊಟ್ಟಾಗ ಯಾವುದು ಯಾರದೆಂದು ನನಗೇ ತಿಳಿಯಲಿಲ್ಲ. ತುಂಡಿನ ತುದಿಯಲ್ಲಿ ಕೊರೆದಿದ್ದ ಗುರುತು ನೋಡಬೇಕಾಯಿತು. ಬೆಸುಗೆಯ ಒಂದು ಗೆರೆಯೂ ಕಾಣುತ್ತಿರಲಿಲ್ಲ. ವಾಪಸ್ ಬರುವಾಗ ಬಟ್ಟೆ ಬಿಚ್ಚಿ ನೋಡದೆ ಇರಲು ಬಹಳ ಪ್ರಯತ್ನಪಟ್ಟೆ. ಆದರೂ ಎರಡು ಸಲ ನೋಡಿದೆ.

ಪರೀಕ್ಷೆಯ ಯಂತ್ರ ಮೇಷ್ಟ್ರ ನಕ್ಷೆ, ಕಾಕಾನ ಕೈಕೆಲಸ. ನಡುವೆ ಮೋಟಾರು. ಎಡಬಲಕ್ಕೆ ಒಂದೊಂದು ಗೂಡು. ಗೂಡಿನೊಳಗೆ ರೋಲರು, ಗ್ರೀಸು, ಪರೀಕ್ಷೆಯ ತುಂಡು. ಮೇಲಿನಿಂದ ಉದ್ದದ ಸನ್ನೆಗೋಲು, ಅದರ ತುದಿಗೆ ಟ್ರ್ಯಾಕ್ಟರಿನ ಭಾರದ ತಟ್ಟೆಗಳು. ಸುತ್ತು ಎಣಿಸಲು ಒಂದು ಮೀಟರು. ಯಾವ ತುಂಡು ಯಾವ ಗೂಡಿಗೆ ಎನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು. ಹಗಲು ಕರೆಂಟ್ ಇದ್ದಷ್ಟು ಹೊತ್ತು ಓಡಿಸುವುದು, ಅರ್ಧ ಗಂಟೆಗೊಮ್ಮೆ ಸುತ್ತು, ಬಿಸಿ, ಸದ್ದು ಬರೆಯುವುದು ಎಂದಾಯಿತು. ಸದ್ದು ಕೇಳುವುದು ಕಾಕಾನ ಜವಾಬ್ದಾರಿ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಗೂಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಎಡ ಹೆಂಗೈತೆ ಕಾಕಾ?" ಎನ್ನುತ್ತಿದ್ದೆ ನಾನು.

"ಜೇನುಹುಳ."

"ಬಲ?"

"ಅದೂ ಜೇನುಹುಳನೇ. ಆದ್ರೆ ಜಗಳೂರಿಂದು" ಎನ್ನುತ್ತಿದ್ದರು. ನಾನು "ಸದ್ದು ಸಮ" ಎಂದು ಬರೆಯುತ್ತಿದ್ದೆ.

ಮೂರನೆಯ ದಿನಕ್ಕೆ ರಸ್ತೆಯವರಿಗೆಲ್ಲ ಹುಚ್ಚು ಹಿಡಿಯಿತು. ಚಹಾದಂಗಡಿಯವನು ಲೋಟ ಇಡುವ ಮೊದಲು "ಸ್ಕೋರ್ ಎಷ್ಟಾತ್ರಿ?" ಎನ್ನುತ್ತಿದ್ದ. ಅಡಿಕೆ ಮಂಡಿಗೆ ಹೋಗುವವರು ಬೈಕು ನಿಲ್ಲಿಸಿ ಬಾಗಿಲಲ್ಲಿ ಇಣುಕುತ್ತಿದ್ದರು. ನೋಡಲು ಏನೂ ಇರಲಿಲ್ಲ. ಎರಡು ಕಬ್ಬಿಣದ ಗೂಡು, ನಡುವೆ ಗುಂಯ್ ಎನ್ನುವ ಮೋಟಾರು, ಉರುಳುವ ಅಂಕಿ. ಆದರೂ ನಿಂತು ನೋಡುತ್ತಿದ್ದರು. ನಾನೂ ಅಷ್ಟೆ. ತಾಲ್ಲೂಕು ಕಚೇರಿಯ ಸಭೆಗೆ ಹೋಗಿ ಕುಳಿತರೂ ಕಿವಿಯಲ್ಲಿ ಅದೇ ಸದ್ದು. ಒಳಗೆ ಕಣ್ಣಿಗೆ ಕಾಣದ ಕಡೆ ಎರಡು ಲೋಹಗಳು ದಣಿಯುತ್ತಿವೆ, ಯಾವುದು ಮೊದಲು ಕೈಚೆಲ್ಲುತ್ತದೋ ಯಾರಿಗೂ ತಿಳಿಯದು ಎನ್ನುವ ಯೋಚನೆಗೇ ಸಭೆಯಿಂದ ಎದ್ದು ವರ್ಕ್‌ಶಾಪಿಗೆ ಬಂದುಬಿಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಕಾಕಾ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದರು. ಮತ್ತೆ ಇಟ್ಟರು. ಮತ್ತೆ ತೆಗೆದರು.

"ಏನು?" ಎಂದಳು ಅಕ್ಕ.

ಅವರು ಎಡದ ಗೂಡಿನತ್ತ ಕೈ ತೋರಿಸಿದರು. ಅಕ್ಕ ಸ್ಕ್ರೂಡ್ರೈವರು ಕಿತ್ತುಕೊಂಡು ತಾನೇ ಕೇಳಿದಳು. ಆಮೇಲೆ ಮೋಟಾರು ಆರಿಸಿದಳು. ಎಡದ ಗೂಡು ಬಿಚ್ಚಿದಾಗ ಅವಳ ತುಂಡಿನ ಹೊಳೆಯುವ ಮೈಮೇಲೆ ಅಕ್ಕಿಕಾಳಿನಷ್ಟು ಗುಂಡಿ ಬಿದ್ದಿತ್ತು. ಬಲದ್ದು ಕನ್ನಡಿಯ ಹಾಗಿತ್ತು.

ನಾನು ಬರೆದೆ: "ಎಡ. ಚಕ್ಕೆ. ಪರೀಕ್ಷೆ ಮುಕ್ತಾಯ." ಜಗಳೂರಿಗೆ ಫೋನ್ ಮಾಡಿ ತಿಳಿಸಿದ್ದೂ ನಾನೇ. ಯಜಮಾನರು ಹಿಗ್ಗಲಿಲ್ಲ. "ಹುಡುಗಿ ಬೇಜಾರು ಮಾಡ್ಕೋಬಾರದು ಅನ್ರಿ" ಎಂದಷ್ಟೇ ಹೇಳಿದರು. ನಲವತ್ತೈದರ ಅಕ್ಕ ಅವರಿಗೆ ಹುಡುಗಿ. ಅವಳು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಸಂಜೆಯವರೆಗೆ ಒಂದು ಗ್ರಿಲ್ಲಿಗೆ ಹೂವಿನ ಸುರುಳಿ ಬಾಗಿಸುತ್ತಾ ಕುಳಿತಳು. ಹಾಗೆ ಕುಳಿತದ್ದನ್ನು ನೋಡಲು ಆಗದೆ ನಾನು ಆ ತುಂಡನ್ನೂ, ಎರಡು ಗೂಡಿನ ಗ್ರೀಸನ್ನೂ ಬೇರೆ ಬೇರೆ ಕವರಿನಲ್ಲಿ ಕಟ್ಟಿಕೊಂಡು ಭಾನುವಾರ ನ್ಯಾಮತಿಗೆ ಹೋದೆ. ಸೋತರೂ ಗೆದ್ದರೂ ಅವನ್ನು ತರಬೇಕೆಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಬೆಸುಗೆ ಬಿಟ್ಟಿದ್ರೆ ಉಕ್ಕು ಕಬ್ಬಿಣ ಸೇರೋ ಕೂಡುಗೆಯಿಂದ ಬಿಡಬೇಕಿತ್ತು. ಕೂಡುಗೆ ಗಟ್ಟಿ ಐತೆ. ಇಲ್ಲಿ ನೋಡು, ಮೈತುಂಬ ಸೂಜಿ ಚುಚ್ಚಿದಂಗೆ ತಗ್ಗು. ಅಂಥಾ ಒಂದು ತಗ್ಗಿನಿಂದಲೇ ಚಕ್ಕೆ ಎದ್ದೈತೆ." ಎಡದ ಗ್ರೀಸನ್ನು ಹೆಬ್ಬೆರಳಿನಲ್ಲಿ ತಿಕ್ಕಿದರು. ನನಗೂ ತಿಕ್ಕಲು ಹೇಳಿದರು. ಕರಕರ ಎಂದಿತು. ಬಲದ್ದು ಬೆಣ್ಣೆಯ ಹಾಗಿತ್ತು. "ಮಣ್ಣು ಹಾಕಿದೋರು ಯಾರು?"

"ಯಾರೂ ಇಲ್ಲ ಸಾರ್. ಎಲ್ಲಾ ಬರೆದಿದ್ದೀನಿ, ನೋಡ್ರಿ."

ಅವರು ನೋಟ್‌ಬುಕ್ ಪುಟ ಪುಟವಾಗಿ ತಿರುವಿದರು. ಶುಕ್ರವಾರದ ಪುಟ ಬಂತು: "ಬೆಳಿಗ್ಗೆ ಗೂಡು ಬಿಚ್ಚಿ ಪರಿಶೀಲನೆ. 9.10ಕ್ಕೆ ಚಾಲನೆ." ಆ ಎರಡು ವಾಕ್ಯಗಳ ನಡುವೆ ಏನು ನಡೆದಿತ್ತು ಎನ್ನುವುದು ಆಗ ನೆನಪಾಯಿತು.

ಶುಕ್ರವಾರ ವರ್ಕ್‌ಶಾಪಿನಲ್ಲಿ ಪೂಜೆ. ಕಾಕಾ ಲೇತಿಗೆ, ಡ್ರಿಲ್ಲಿಗೆ, ಮೋಟಾರಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗುತ್ತಾರೆ. ವಿಭೂತಿ ಅವರೇ ಮನೆಯಂಗಳದಲ್ಲಿ ಬೆರಣಿ ಸುಟ್ಟು ಮಾಡಿದ್ದು, ಅಂಗಳದ ಮಣ್ಣೂ ಮರಳೂ ಅದರಲ್ಲಿ ಬೆರೆತಿರುತ್ತವೆ. ಆ ದಿನ ಗೂಡುಗಳ ಮುಚ್ಚಳ ತೆಗೆದಿತ್ತು. ಕಾಕಾ ಎಡದ ಗೂಡಿನೊಳಗೆ ಕೈ ಹಾಕಿ ಅಕ್ಕನ ತುಂಡಿಗೇ ನೇರವಾಗಿ ಮೂರು ಬೆರಳಿನ ಪಟ್ಟೆ ಎಳೆದಿದ್ದರು. ಬಲದ ಕಡೆ ತಿರುಗಿಯೂ ನೋಡಿರಲಿಲ್ಲ. "ಜಗಳೂರಿಂದಕ್ಕೆ ಜಗಳೂರೋರೇ ಹಚ್ಚಿಕೊಳ್ಳಲಿ" ಎಂದದ್ದಕ್ಕೆ ನಾವೆಲ್ಲ ನಕ್ಕಿದ್ದೆವು.

ನಾನು ಅಲ್ಲೇ ಪೆನ್ನು ಹಿಡಿದು ನಿಂತಿದ್ದೆ. ಬರೆಯಲಿಲ್ಲ. ಇಷ್ಟು ವರ್ಷ ಸಭೆ ಸಮಾರಂಭಗಳ ವರದಿ ಕಳಿಸಿದ್ದೇನೆ. "ಪ್ರಾರ್ಥನೆಯೊಂದಿಗೆ ಕಾರ್ಯಕ್ರಮ ಆರಂಭವಾಯಿತು" ಎಂಬ ಸಾಲನ್ನು ಡೆಸ್ಕಿನವರು ಪ್ರತಿ ಸಲ ಹೊಡೆದುಹಾಕಿದ್ದಾರೆ. ಪೂಜೆ ಸುದ್ದಿಯಲ್ಲ ಎನ್ನುವುದು ಕೈಗೇ ಅಂಟಿಹೋಗಿತ್ತು. ಕಾಕಾ ಪ್ರೀತಿಯಿಂದ ಮಾಡಿದ ತಪ್ಪು ಅವರದು. ಅದನ್ನು ಕಂಡೂ ಬಿಟ್ಟದ್ದು ನನ್ನದು.

ಮೇಷ್ಟ್ರ ಎದುರಿಗೇ ತಿದ್ದುಪಡಿ ಬರೆದೆ. ಶುಕ್ರವಾರ ಏನಾಯಿತು, ಯಾರು ಮಾಡಿದರು, ಯಾರು ನೋಡಿದರು, ಯಾಕೆ ದಾಖಲಾಗಲಿಲ್ಲ. ಅಲ್ಲಿಂದಲೇ ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರಿನ ಬಸ್ಸು ಹಿಡಿದೆ. ಯಜಮಾನರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ತಿದ್ದುಪಡಿಯನ್ನು ಎರಡು ಸಲ ಓದಿದರು. ಗ್ರೀಸು ತಿಕ್ಕಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಅಲ್ರೀ, ನನ್ನ ಹತ್ರ ನೂರು ನೆಪ ಹೇಳೋರು ಬಂದಾರೆ. ಶಿವನ ವಿಭೂತಿಯಿಂದ ಸೋತ್ವಿ ಅನ್ನೋರು ನೀವೇ ಮೊದಲು!"

"ಇನ್ನೊಂದು ಸಲ ಓಡಿಸಾಕೆ ಬಿಡ್ರಿ. ಈ ಸಲ ಏನೂ ಬೀಳದಂಗೆ ನೋಡ್ಕೋತೀವಿ."

ಅವರ ನಗು ನಿಂತಿತು. "ಯಾಕೆ ಬೀಳಬಾರದು? ನನ್ನ ಮಷೀನು ದೇವರಮನ್ಯಾಗೆ ಓಡಲ್ಲ, ಕಣದಾಗೆ ಓಡುತ್ತೆ. ಧೂಳು, ಜೋಳದ ರವದಿ, ಮಣ್ಣು ಎಲ್ಲಾ ಒಳಗೆ ಹೊಕ್ಕುತ್ತೆ. ಇಷ್ಟು ದಿನ ನಿಮ್ಮ ಪರೀಕ್ಷೆಯಾಗೆ ಅದೇ ಇರಲಿಲ್ಲ. ಇಬ್ಬರಿಗೂ ಹಾಕ್ರಿ. ಸಮಸಮ. ನಾನೇ ಬಂದು ಕೂರ್ತೀನಿ."

ಸುದ್ದಿ ಹೇಳಿದಾಗ ಅಕ್ಕ ಕೈಯಲ್ಲಿದ್ದ ಸುರುಳಿಯನ್ನು ಮೂಲೆಗೆ ಎಸೆದಳು. ಕಾಕಾ ಮಾತ್ರ ಮನೆಯಿಂದ ಹೊರಗೆ ಬರಲೊಲ್ಲರು. "ನನ್ನ ಕೈಯೇ ಸರಿ ಇಲ್ಲ ತಂಗಿ" ಎಂದು ಗೋಡೆಗೆ ಮುಖ ಮಾಡಿ ಕುಳಿತಿದ್ದರಂತೆ. ಅಕ್ಕ ಹೋಗಿ ಎಬ್ಬಿಸಿಕೊಂಡು ಬಂದಳು. "ಹಾಕೋದು ನೀನೇ ಕಾಕಾ. ಎರಡೂ ಕಡೆ. ಬಲಕ್ಕೊಂದು ನ್ಯಾಯ ಎಡಕ್ಕೊಂದು ನ್ಯಾಯ ಮಾಡಿದ್ರೆ ಮಾತ್ರ ಮನೇಗೆ ಕಳಿಸ್ತೀನಿ."

ಸಮ ಎಂದರೆ ಎಷ್ಟು? ಚಿಟಿಕೆ ಎಂದು ಬರೆಯುವಂತಿಲ್ಲ ಎಂದೆ ನಾನು. ಕೊನೆಗೆ ಬಜಾರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡು ಪೊಟ್ಟಣ ತೂಗಿಸಿದೆವು. "ವಿಭೂತಿಗೆ ಮಿಲಿಗ್ರಾಂ ಲೆಕ್ಕ ಕೇಳೋರನ್ನ ಇವತ್ತೇ ನೋಡಿದ್ದು ಕಣ್ರಿ" ಎಂದರು ಅವರು. ಮೀಸಲಿಟ್ಟಿದ್ದ ತುಂಡುಗಳಲ್ಲಿ ಒಂದೊಂದನ್ನು ಹಾಕಿದೆವು. ಗೂಡು ಅದಲು ಬದಲು, ಅಕ್ಕನದು ಬಲಕ್ಕೆ, ಇಡೀ ಉಕ್ಕು ಎಡಕ್ಕೆ. ಕಾಕಾ ಎರಡೂ ಪೊಟ್ಟಣ ಸುರಿದರು. ನಾನು ಅದನ್ನು ಬರೆದೆ. ಅವರು ಕೈಮುಗಿದದ್ದನ್ನೂ ಬರೆದೆ.

ಈ ಸಲದ ದಿನಗಳನ್ನು ನೆನೆದರೆ ಈಗಲೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸದ್ದು ಮೊದಲಿನಿಂದಲೇ ಒರಟು. ಜೇನುಹುಳವಲ್ಲ, ಹುರಿಗಡಲೆ ತಿನ್ನುವ ಸದ್ದು. ಅರ್ಧ ಗಂಟೆಗೊಮ್ಮೆ ಕಾಕಾ ಕೇಳುವಾಗ ರಸ್ತೆಯ ಬಾಗಿಲಲ್ಲಿ ನಿಂತವರು ಒಳಕ್ಕೆ ಬಾಗುತ್ತಿದ್ದರು. ಯಜಮಾನರು ಹೇಳಿದಂತೆ ಬಂದರು, ಮೊದಲ ದಿನ ಕುರ್ಚಿಯಲ್ಲಿ, ಎರಡನೆಯ ದಿನ ಯಂತ್ರದ ಪಕ್ಕದ ಮರದ ದಿಮ್ಮಿಯ ಮೇಲೆ, ಮೂರನೆಯ ದಿನ ಅಂಗಿಯ ತೋಳು ಮಡಚಿ ಗೂಡಿನ ಬಿಸಿಯನ್ನು ತಾವೇ ಮುಟ್ಟಿ ನೋಡುತ್ತಾ. ಹಳೆಯ ಅಂಕಿ, ಅಂದರೆ ವಿಭೂತಿ ಬಿದ್ದ ಮೇಲೆ ಅಕ್ಕನ ಮೊದಲ ತುಂಡು ಓಡಿದ ಸುತ್ತು, ದಾಟಿದ ಕ್ಷಣ ಚಹಾದಂಗಡಿಯವನು ಸಿಳ್ಳೆ ಹಾಕಿದ.

"ಸಿಳ್ಳೆ ಹಾಕಬೇಡ್ಲೇ, ಸದ್ದು ಕೇಳಲ್ಲ!" ಎಂದು ಗದರಿದವರು ಯಜಮಾನರೇ.

ನಾಲ್ಕನೆಯ ದಿನ ಮೂರೂ ಕಾಲಿಗೆ ಕಾಕಾ ಕೈ ಎತ್ತಿದರು. ಟಿಕ್, ಟಿಕ್, ಟಿಕ್. ಸ್ಕ್ರೂಡ್ರೈವರು ಬೇಕಿರಲಿಲ್ಲ, ಬರಿಗಿವಿಗೇ ಕೇಳುತ್ತಿತ್ತು. ಆದರೆ ಯಾವ ಕಡೆಯದು? ಕಾಕಾ ಎಡಕ್ಕೆ ಆನಿಸಿದರು, ಬಲಕ್ಕೆ ಆನಿಸಿದರು, ಎರಡು ಕಡೆಯೂ ಒಂದೇ ಸದ್ದು. ಅಕ್ಕ ಮೋಟಾರು ಆರಿಸಿದಳು. ಎಲ್ಲರೂ ಬಲದ ಗೂಡನ್ನೇ ನೋಡುತ್ತಿದ್ದೆವು. ಅವಳು ಬೋಲ್ಟು ಬಿಚ್ಚಿ ತುಂಡು ಹೊರತೆಗೆದು ಒರೆಸಿದಳು. ಮಸುಕಾಗಿತ್ತು, ಗೀರಿತ್ತು. ಚಕ್ಕೆ ಇರಲಿಲ್ಲ.

ಎಡದ ಗೂಡನ್ನು ಯಜಮಾನರೇ ಬಿಚ್ಚಿದರು. ತಮ್ಮ ತುಂಡಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಒಂದು ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು. ಅದನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು.

ರಸ್ತೆಯವರ ಗಲಾಟೆಗೆ ಎದುರು ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಕಾಕಾ ಅಲ್ಲೇ ಕುಸಿದು ಕುಳಿತು ಅಳುತ್ತಿದ್ದರು. ನಾನು ಸಮಯ ಬರೆಯಲು ಮೂರು ಸಲ ಗಡಿಯಾರ ನೋಡಬೇಕಾಯಿತು.

"ಗೆದ್ದೆ ತಾಯಿ" ಎಂದರು ಯಜಮಾನರು. "ಸುಗ್ಗಿಗೆ ಶಾಫ್ಟ್ ಕೊಡು. ಎಷ್ಟು ದಿನ ಬೇಕು?"

ಅಕ್ಕ ತನ್ನ ತುಂಡನ್ನು ಮತ್ತೆ ಗೂಡಿಗೆ ಸೇರಿಸುತ್ತಿದ್ದಳು. "ನಿಮ್ಮ ಇನ್ನೊಂದು ತುಂಡು ಐತಲ್ಲ, ಭಾರ ಸಮ ಇರಾಕೆ ಎಡಕ್ಕೆ ಹಾಕ್ರಿ."

"ಯಾಕಮ್ಮ? ಮುಗೀತಲ್ಲ!"

"ನಿಮ್ಮದು ಯಾವಾಗ ಹೋಗುತ್ತೆ ಅಂತ ಗೊತ್ತಾತು. ನನ್ನದು ಯಾವಾಗ ಹೋಗುತ್ತೆ ಅಂತ ಗೊತ್ತಾಗ್ಲಿಲ್ಲ. ಅದು ಗೊತ್ತಿಲ್ಲದೆ ರೈತರಿಗೆ ಹೆಂಗೆ ಕೊಡಾಕಾಗುತ್ತೆ?"

ಯಜಮಾನರು ಸ್ಪ್ಯಾನರು ಕೈಗೆತ್ತಿಕೊಂಡರು.

ಅದು ಇನ್ನೂ ಎರಡು ದಿನ ಓಡಿತು. ಬುಧವಾರ ಹನ್ನೊಂದೂ ನಲವತ್ತಕ್ಕೆ ಬಲದ ಗೂಡು ಟಿಕ್ ಎಂದಾಗ ಚಪ್ಪಾಳೆ ತಟ್ಟಿದವಳು ಅಕ್ಕನೇ. ಚಕ್ಕೆ ಎದ್ದದ್ದು ಉರುಳುವ ದಾರಿಯ ನಟ್ಟನಡುವೆ. ಕೂಡುಗೆಯಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅವಳು ಮೀಟರಿನ ಅಂಕಿ ನೋಡಿ, ಅದರ ಅರ್ಧವನ್ನು ಸೀಮೆಸುಣ್ಣದಲ್ಲಿ ಬಾಗಿಲ ಹಲಗೆಯ ಮೇಲೆ ಬರೆದಳು.

"ಇಷ್ಟಕ್ಕೆ ನಾನು ಜವಾಬ್ದಾರಿ. ಅದಕ್ಕಿಂತ ಹೆಚ್ಚು ಓಡಿದ್ರೆ ನಿಮ್ಮ ಪುಣ್ಯ."

"ಅರ್ಧ ಯಾಕೆ ಮಾರಾಯ್ತಿ? ಪೂರ್ತಿ ಹೇಳಿಕೊಳ್ಳೋಣ."

"ಓಡಿದ್ದು ಒಂದು ತುಂಡು. ನಾನು ಮಾಡೋವು ಎಲ್ಲಾ ಹಿಂಗೇ ಓಡ್ತವೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಯಜಮಾನರು ಆ ಅಂಕಿಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮೊದಲ ಹನ್ನೆರಡು ಶಾಫ್ಟುಗಳ ಅಳತೆ ಹೇಳತೊಡಗಿದರು. ಕಾಕಾ ಆಗಲೇ ಲೇತಿನಲ್ಲಿ ಸರಳು ಕಚ್ಚಿಹಿಡಿಯುವ ದವಡೆ ಸಡಿಲಿಸುತ್ತಿದ್ದರು. ಎರಡು ಗಂಟೆಗೆ ಅಕ್ಕ ಮೊದಲ ಸರಳು ಕತ್ತರಿಸಿದಳು.